ಹೇಂಟೆ ಎದ್ದು ನಿಲ್ಲುತ್ತಿಲ್ಲ, ಕಾಲಲ್ಲಿ ಬಲವೇ ಇಲ್ಲ. ಏನು ಮಾಡಲಿ?

ತಾರಸಿ ಕೋಳಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮನೆ ತಾರಸಿ ಮೇಲೆ ನಾಲ್ಕು ಗಿರಿರಾಜ ತಳಿಯ ಹೇಂಟೆ ಸಾಕಿದ್ದೇವೆ. ಅದರಲ್ಲಿ ಒಂದು, ಮಗಳು ಚುಕ್ಕಿ ಅಂತ ಹೆಸರಿಟ್ಟಿದ್ದಾಳೆ, ಮೂರು ದಿನದಿಂದ ಎದ್ದು ನಿಲ್ಲುತ್ತಿಲ್ಲ. ಮೊದಲ ದಿನ ಸ್ವಲ್ಪ ಕುಂಟುತ್ತಿತ್ತು, ಎಲ್ಲೋ ಹಾರಿ ಉಳುಕಿರಬೇಕು ಅಂತ ಸುಮ್ಮನಾದೆ. ಈಗ ಎರಡೂ ಕಾಲು ಮಡಚಿಕೊಂಡು ಕೂತಲ್ಲೇ ಕೂತಿರುತ್ತದೆ, ಓಡಾಡಬೇಕು ಅಂದರೆ ರೆಕ್ಕೆ ಊರಿಕೊಂಡು ತೆವಳುತ್ತದೆ. ತಟ್ಟೆ ಮುಂದಿಟ್ಟರೆ ತಿನ್ನುತ್ತದೆ, ಕಣ್ಣು ಚುರುಕಾಗಿದೆ. ಉಳಿದ ಮೂರೂ ಚೆನ್ನಾಗಿವೆ, ಆದರೆ ಇದನ್ನು ಕುಕ್ಕಿ ಕುಕ್ಕಿ ತಲೆ ಮೇಲೆ ಗಾಯ ಮಾಡಿವೆ.

ವಯಸ್ಸು ಸುಮಾರು ಎಂಟು ತಿಂಗಳು. ಹಾಕುವುದು ಅನ್ನ, ಅಕ್ಕಿ ನುಚ್ಚು, ಸ್ವಲ್ಪ ರಾಗಿ, ತರಕಾರಿ ಸಿಪ್ಪೆ. ಮೆಡಿಕಲ್ ಶಾಪಿನವರು ನೋವಿನ ಮಾತ್ರೆ ಅರ್ಧ ಪುಡಿ ಮಾಡಿ ಕೊಡಿ ಅಂದರು, ಧೈರ್ಯ ಬರಲಿಲ್ಲ. ಅತ್ತೆ "ಇನ್ನೆರಡು ದಿನ ಬಿಟ್ಟರೆ ಸಾರಿಗೂ ಬರಲ್ಲ" ಅನ್ನುತ್ತಿದ್ದಾರೆ. ಅದನ್ನು ಕೇಳಿಸಿಕೊಂಡು ಮಗಳು ರಾತ್ರಿ ಊಟ ಮಾಡಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಹಾಸನದ ಹುಂಜ

ಮಾತ್ರೆ ಕೊಡದೇ ಇದ್ದದ್ದು ಒಳ್ಳೆಯದೇ ಆಯಿತು ಮೇಡಂ. ನಮ್ಮ ನೋವಿನ ಮಾತ್ರೆಗಳನ್ನು ಹಕ್ಕಿಗಳಿಗೆ ಅಂದಾಜಿನ ಮೇಲೆ ಕೊಡಲೇಬಾರದು. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ಕೊಟ್ಟಿದ್ದ ದನಗಳ ಹೆಣ ತಿಂದೇ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದು, 2006ರಲ್ಲಿ ಭಾರತದಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದ್ದೂ ಅದಕ್ಕೇ.

ಮೊದಲು ಇಷ್ಟು ನೋಡಿ ಹೇಳಿ. ಮೊಟ್ಟೆ ಇಡುತ್ತಿತ್ತಾ, ಚಿಪ್ಪು ಹೇಗಿತ್ತು? ಕೂತಾಗ ಎರಡೂ ಕಾಲು ಹೊಟ್ಟೆ ಕೆಳಗೇ ಇರುತ್ತವಾ, ಅಥವಾ ಒಂದು ಮುಂದಕ್ಕೆ ಒಂದು ಹಿಂದಕ್ಕೆ ಚಾಚಿರುತ್ತದಾ? ಅಂಗಾಲಲ್ಲಿ ಊತ, ನಡುವೆ ಕಪ್ಪು ಹಕ್ಕಳೆ ಇದೆಯಾ? ಇದ್ದರೆ ಅದು ಕೀವು ತುಂಬಿದ ಗಾಯ, ಅದರ ದಾರಿಯೇ ಬೇರೆ. ರಾತ್ರಿ ಟಾರ್ಚ್ ಹಿಡಿದು ಗೂಡಿನ ಸಂದಿಗಳಲ್ಲಿ ಉಣ್ಣೆ ಇದೆಯಾ ನೋಡಿ. ಹಗಲಲ್ಲಿ ಅವು ಕಾಣಿಸುವುದಿಲ್ಲ. ರಾತ್ರಿ ಬಂದು ರಕ್ತ ಹೀರಿ ಮತ್ತೆ ಸಂದಿ ಸೇರುತ್ತವೆ. ಉಣ್ಣೆಯಿಂದಲೂ ಕೋಳಿಗೆ ಕಾಲು ಬಿದ್ದುಹೋಗುವುದುಂಟು. ಮತ್ತೆ, ಬಿಸಿಲಿಗೆ ಬಿಡುತ್ತೀರಾ?

ತಾರಸಿ ಕೋಳಿ

ಎಲ್ಲ ನೋಡಿದೆ ಸರ್. ಅಂಗಾಲು ಚೆನ್ನಾಗಿದೆ, ಉಣ್ಣೆ ಕಾಣಲಿಲ್ಲ. ಕಾಲು ಎರಡೂ ಹೊಟ್ಟೆ ಕೆಳಗೇ ಇರುತ್ತವೆ. ಎರಡು ತಿಂಗಳಿಂದ ಹೆಚ್ಚುಕಡಿಮೆ ದಿನ ಬಿಟ್ಟು ದಿನ ಮೊಟ್ಟೆ ಇಡುತ್ತಿತ್ತು, ನಾಲ್ಕರಲ್ಲಿ ಇದೇ ಜಾಸ್ತಿ. ಈಚೆಗೆ ಚಿಪ್ಪು ತೀರಾ ತೆಳ್ಳಗಾಗಿತ್ತು, ಹಿಡಿದರೆ ಒಡೆಯುತ್ತಿತ್ತು. ಹೋದ ವಾರ ಒಂದು ಮೊಟ್ಟೆಗೆ ಚಿಪ್ಪೇ ಇರಲಿಲ್ಲ, ಬಲೂನಿನ ಹಾಗೆ ಮೆತ್ತಗಿತ್ತು. ಬಿಸಿಲು ಅಂದರೆ... ಗೂಡು ಶೀಟಿನ ಕೆಳಗಿದೆ. ಕೆಲಸಕ್ಕೆ ಹೋಗುತ್ತೇನಲ್ಲ, ಭಾನುವಾರ ಮಾತ್ರ ಹೊರಗೆ ಬಿಡುವುದು.

ಹಾಸನದ ಹುಂಜ

ಅಲ್ಲಿಗೆ ಸಿಕ್ಕಿತು ನೋಡಿ. ಜಾಸ್ತಿ ಮೊಟ್ಟೆ ಇಡುವುದೇ ಬಿದ್ದಿದೆ ಅಲ್ವಾ?

ಲೆಕ್ಕ ಹಾಕಿ. ಒಂದು ಮೊಟ್ಟೆ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 4 ಗ್ರಾಂ ಹತ್ತಿರ ಸಿಗಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ನಾವೆಲ್ಲ ಹೆಮ್ಮೆಪಡುತ್ತೇವೆ, ನಿಜ, ಆದರೆ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 0.34 ಗ್ರಾಂ. ಕೋಳಿ ದಿನಕ್ಕೆ ತಿನ್ನುವುದೇ 100, 120 ಗ್ರಾಂ. ಬರೀ ರಾಗಿ ತಿಂದರೂ ಹತ್ತರಲ್ಲಿ ಒಂದು ಪಾಲು. ಅನ್ನದಲ್ಲಂತೂ ಇಲ್ಲವೇ ಇಲ್ಲ ಅನ್ನಬಹುದು. ಹಾಗಾದರೆ ಚಿಪ್ಪು ಎಲ್ಲಿಂದ ಬಂತು? ಅದರ ಮೂಳೆಯಿಂದ. ಎರಡು ತಿಂಗಳು ತನ್ನ ಮೂಳೆ ಕರಗಿಸಿ ನಿಮಗೆ ಆಮ್ಲೆಟ್ ಕೊಟ್ಟಿದೆ ಪಾಪ.

ಇವತ್ತೇ ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಗಳ ಆಹಾರ, ತನ್ನಿ. ಕೋಳಿ ಫೀಡ್ ಮಾರುವ ಅಂಗಡಿಯಲ್ಲೇ ಶೆಲ್ ಗ್ರಿಟ್ ಅಂತ ಕಪ್ಪೆಚಿಪ್ಪಿನ ನುಚ್ಚು ಸಿಗುತ್ತದೆ, ಅದನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ತಾನೇ ತಿನ್ನುತ್ತದೆ. ಅದು ಸಿಗುವ ತನಕ ಮೊಟ್ಟೆ ಚಿಪ್ಪು ಒಣಗಿಸಿ ಪುಡಿ ಮಾಡಿ ಹಾಕಿ. ಬೆಳಗಿನ ಬಿಸಿಲು ಬೇಕೇ ಬೇಕು, ವಿಟಮಿನ್ ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಒಳಗೆ ಹೋಗುವುದಿಲ್ಲ. ಆದರೆ ಮೂರು ದಿನದಿಂದ ಬಿದ್ದಿರುವ ಕೋಳಿಗೆ ಇಷ್ಟರಲ್ಲೇ ಮುಗಿಯುವುದಿಲ್ಲ, ಪಶು ಆಸ್ಪತ್ರೆಗೆ ಒಯ್ಯಿರಿ, ಇಂಜೆಕ್ಷನ್ ಬೇಕಾ ಅಂತ ಅವರು ನೋಡಲಿ. ಮೂಳೆ ಟೊಳ್ಳಾಗಿರುತ್ತದೆ, ಎತ್ತುವಾಗ ಕಾಲು ಹಿಡಿದು ಎಳೆಯಬೇಡಿ, ಮುರಿಯುತ್ತದೆ. ಮುಂದೆ ಮರಿ ತಂದರೆ ಅವುಗಳಿಗೆ ಮಾತ್ರ ಲೇಯರ್ ಫೀಡ್ ಹಾಕಬೇಡಿ, ಅಷ್ಟು ಕ್ಯಾಲ್ಸಿಯಂ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ.

ಗೌಡ್ರ ಮನೆ

ಒಂದು ಕೋಳಿಗೆ ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಕಾಲು ಬಿದ್ದರೆ ಅವತ್ತೇ ಮಸಾಲೆ ಅರೆಯುವುದು. ಅತ್ತೆ ಹೇಳಿದ್ದೇ ಸರಿ.

ಹೆಬ್ಬಾಳದ ಹುಡುಗ

ಗೌಡ್ರೇ, ಕಾಲು ಬಿದ್ದದ್ದು ಯಾವ ರೋಗದಿಂದ ಅಂತ ಗೊತ್ತಾಗದೆ ಒಲೆ ಮೇಲೆ ಇಡಬೇಡಿ. ಔಷಧಿ ಕೊಟ್ಟ ಕೋಳಿಯನ್ನಂತೂ ತಿನ್ನಲೇಬಾರದು.

ನಾನು ವೆಟರ್ನರಿ ಓದುತ್ತಿದ್ದೇನೆ. ಹುಂಜಣ್ಣ ಹೇಳಿದ್ದು ಸರಿ ಅಂತಲೇ ಅನ್ನಿಸುತ್ತದೆ. ಆದರೂ ಎರಡು ವಿಷಯ ಗಮನದಲ್ಲಿರಲಿ. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದರೆ ಅದು ಮ್ಯಾರೆಕ್ಸ್ ಅನ್ನುವ ರೋಗ ಇರಬಹುದು. ವೈರಸ್ ಹೋಗಿ ಕಾಲಿನ ನರ ಹಿಡಿಯುತ್ತದೆ, ಔಷಧಿ ಇಲ್ಲ, ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಹಾಕಿರಬೇಕು. ಇನ್ನೊಂದು ಕೊಕ್ಕರೆ ರೋಗ, ರಾಣಿಖೇತ್ ಅಂತಲೂ ಅನ್ನುತ್ತಾರೆ. ಕತ್ತು ತಿರುಚುವುದು, ಹಸಿರು ಹಿಕ್ಕೆ, ಕೊಕ್ಕು ತೆರೆದು ಉಸಿರಾಡುವುದು ಇದ್ದರೆ ತಡ ಮಾಡಬೇಡಿ, ಉಳಿದ ಮೂರಕ್ಕೂ ಹರಡುತ್ತದೆ. ಬರೀ ಒಂದಕ್ಕೇ ಆಗಿ ಅದು ಚುರುಕಾಗಿ ತಿನ್ನುತ್ತಿದ್ದರೆ ಕೊಕ್ಕರೆ ರೋಗದ ಸಂಶಯ ಕಡಿಮೆ. ಹಾಗಿದ್ದರೂ ಸದ್ಯಕ್ಕೆ ಬೇರೆ ಇಡಿ, ಕುಕ್ಕುವುದಾದರೂ ತಪ್ಪುತ್ತದೆ.

ಅನ್ನದ ವಿಷಯಕ್ಕೆ ಒಂದು ಕತೆ. 1890ರ ದಶಕದಲ್ಲಿ ಜಾವಾದಲ್ಲಿ ಐಕ್ಮನ್ ಅನ್ನುವ ಡಚ್ ಡಾಕ್ಟರ್ ಸಾಕಿದ್ದ ಕೋಳಿಗಳು ಹೀಗೇ ಕಾಲು ಸೋತು ಬಿದ್ದವು. ನೋಡಿದರೆ ಅವಕ್ಕೆ ಆಸ್ಪತ್ರೆ ಅಡುಗೆಮನೆಯ ಪಾಲಿಶ್ ಅಕ್ಕಿ ಅನ್ನ ಹಾಕುತ್ತಿದ್ದರು. ಪಾಲಿಶ್ ಮಾಡದ ಅಕ್ಕಿ ಹಾಕಿದ ಮೇಲೆ ಎದ್ದು ಓಡಾಡಿದವು. ತೌಡಿನಲ್ಲಿದ್ದದ್ದು ಬಿ1 ವಿಟಮಿನ್ ಅಂತ ತಿಳಿದದ್ದು ಆಮೇಲೆ, ಅವರಿಗೆ 1929ರಲ್ಲಿ ನೊಬೆಲ್ ಕೂಡ ಬಂತು. ಅಂದರೆ ಮೇಡಂ, ಬರೀ ಅನ್ನ ಹಾಕಿದರೆ ಕ್ಯಾಲ್ಸಿಯಂ ಒಂದೇ ಅಲ್ಲ, ಬಿ ವಿಟಮಿನ್ನೂ ಕಡಿಮೆ ಬೀಳುತ್ತದೆ. ಮರಿಗಳಲ್ಲಿ ಬೆರಳು ಒಳಕ್ಕೆ ಮಡಚಿಕೊಳ್ಳುವುದು ಬಿ2 ಕೊರತೆಯಿಂದ. ಸ್ವಲ್ಪ ತೌಡು, ಸೊಪ್ಪು ಸೇರಿಸಿ.

ತೀರ್ಥಹಳ್ಳಿ ಅಕ್ಕ

ಔಷಧಿ ಅವರು ಹೇಳಿದ್ದಾರೆ, ನಾನು ಆರೈಕೆ ಹೇಳುತ್ತೇನೆ, ಯಾಕೆಂದರೆ ನಮ್ಮ ಯಾಟೆ ಒಂದು ಹೀಗೇ ಮೂರು ವಾರ ಮಲಗಿತ್ತು.

ಕೂತಲ್ಲೇ ಬಿಟ್ಟರೆ ಎದೆ ಮೂಳೆ ಹತ್ತಿರ ಹುಣ್ಣಾಗುತ್ತದೆ, ಹಿಕ್ಕೆ ಅಂಟಿ ನೊಣ ಮುತ್ತಿ ಹುಳ ಬೀಳುತ್ತದೆ. ಮಳೆಗಾಲದಲ್ಲಿ ಒಂದೇ ದಿನ ಸಾಕು ಅದಕ್ಕೆ. ದಿನಾ ಹಿಂಭಾಗ ಬೆಚ್ಚಗಿನ ನೀರಲ್ಲಿ ತೊಳೆದು ಒರೆಸಬೇಕು. ಕೆಳಗೆ ಪೇಪರ್ ಹಾಸಬೇಡಿ, ಜಾರುತ್ತದೆ, ಇದ್ದ ಬಲವೂ ಹೋಗುತ್ತದೆ. ಭತ್ತದ ಹೊಟ್ಟು ದಪ್ಪಗೆ ಹಾಕಿ, ಇಲ್ಲವೇ ಹಳೇ ಗೋಣಿಚೀಲ.

ನಾನು ಜೋಲಿ ಮಾಡಿದ್ದೆ. ಹಳೇ ಬನಿಯನ್ ಬಟ್ಟೆಗೆ ಕಾಲಿಗೆ ಎರಡು ತೂತು, ಹಿಂದೆ ಹಿಕ್ಕೆಗೆ ಒಂದು ದೊಡ್ಡ ತೂತು, ನಾಲ್ಕು ಮೂಲೆಯನ್ನೂ ಒಂದು ಟಬ್ಬಿನ ಅಂಚಿಗೆ ಕಟ್ಟಿ ಕೋಳಿಯನ್ನು ಅದರಲ್ಲಿ ಕೂರಿಸುವುದು, ಬೆರಳು ನೆಲಕ್ಕೆ ಸರಿಯಾಗಿ ತಾಗುವಷ್ಟು ಎತ್ತರಕ್ಕೆ. ಭಾರ ಬಟ್ಟೆ ಹೊರುತ್ತದೆ, ಕಾಲು ಸುಮ್ನೆ ನೆಲ ತುಳಿಯುತ್ತದೆ. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಹೀಗೆ ದಿನಕ್ಕೆ ಮೂರು ಸಲ. ನೀರು ಕೊಕ್ಕಿನ ಹತ್ತಿರವೇ ಇರಲಿ. ಬಿದ್ದ ಕೋಳಿ ಎಷ್ಟೋ ಸಲ ಸಾಯುವುದು ರೋಗದಿಂದಲ್ಲ, ನೀರಿನ ತನಕ ಹೋಗಲಾರದೆ. ಮಗಳಿಗೆ ಈ ಕೆಲಸ ಕೊಡಿ, ಮಕ್ಕಳಿಗೆ ನಮಗಿಂತ ತಾಳ್ಮೆ ಜಾಸ್ತಿ.

ತಾರಸಿ ಕೋಳಿ

ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಡಾಕ್ಟರ್ ನೋಡಿ ಕ್ಯಾಲ್ಸಿಯಂ ಕೊರತೆ ಅಂತಲೇ ಹೇಳಿದರು, ಇಂಜೆಕ್ಷನ್ ಕೊಟ್ಟರು, ಬಾಯಿಗೆ ಹಾಕಲು ಸಿರಪ್ ಬರೆದುಕೊಟ್ಟರು. ಜೋಲಿಗೆ ನಮ್ಮವರ ಹಳೇ ಬನಿಯನ್ ಹೋಯಿತು. ನಾಲ್ಕನೇ ದಿನ ಎರಡು ಕ್ಷಣ ನಿಂತು ಮತ್ತೆ ಕೂತಿತು. ಈಗ ನಾಲ್ಕು ಹೆಜ್ಜೆ ನಡೆಯುತ್ತದೆ, ಬಲಗಾಲು ಇನ್ನೂ ಎಳೆಯುತ್ತದೆ, ಹಾರಿ ಕೂರಲು ಆಗುತ್ತಿಲ್ಲ. ಮೊಟ್ಟೆ ನಿಲ್ಲಿಸಿದೆ. ಉಳಿದ ಮೂರರ ಮೊಟ್ಟೆ ಚಿಪ್ಪು ಗಟ್ಟಿಯಾಗಿದೆ, ನಿನ್ನೆ ಪಾತ್ರೆ ಅಂಚಿಗೆ ಎರಡು ಸಲ ಹೊಡೆಯಬೇಕಾಯಿತು.

ಇವತ್ತು ಬೆಳಿಗ್ಗೆ ತಾರಸಿಗೆ ಹೋದರೆ ಅತ್ತೆ ಚುಕ್ಕಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಿಸಿಲು ಕಾಯಿಸುತ್ತಿದ್ದರು. ಸಾರಿನ ಮಾತು ತೆಗೆದರೆ ನನಗೇ ಬೈಯುತ್ತಾರೆ.

ಹಾಸನದ ಹುಂಜ

ಬಲಗಾಲು ಎಳೆಯುವುದು ಇನ್ನೊಂದು ವಾರದಲ್ಲಿ ಕಡಿಮೆ ಆಗದಿದ್ದರೆ ಮತ್ತೆ ತೋರಿಸಿ, ಎಲ್ಲಾದರೂ ಸೀಳು ಬಿಟ್ಟಿರಬಹುದು. ಮತ್ತೆ ಗೂಡಿನ ಅಡ್ಡಕೋಲನ್ನು ಅರ್ಧ ಅಡಿಗೆ ಇಳಿಸಿ ಮೇಡಂ.