ಆಕ್ಸಿಜನ್ ಬಿಡದಿದ್ರೂ ಅಲ್ಯೂಮಿನಿಯಂ ಕ್ಲಸ್ಟರ್ ಪಕ್ಕ ಆಕ್ಸೈಡ್ ಪೀಕ್ ಯಾಕೆ?

ಫ್ಲೋಟ್ಯೂಬ್_ಬೆಳಗಾವಿ:
532 ನ್ಯಾನೋಮೀಟರ್ ಲೇಸರಿನಿಂದ ಅಲ್ಯೂಮಿನಿಯಂ ರಾಡ್ ಆವಿ ಮಾಡಿ, ಹೀಲಿಯಂನಲ್ಲಿ ಋಣ ಅಯಾನು ಕ್ಲಸ್ಟರ್ (ಕೆಲವೇ ಪರಮಾಣುಗಳ ಗೊಂಚಲು) ಬೆಳೆಸಿ, ಮಾಸ್ ಸ್ಪೆಕ್ಟ್ರೋಮೀಟರಿನಾಗ ತೂಕ ನೋಡೋ ಸೆಟಪ್. ಫ್ಲೋಟ್ಯೂಬ್ (ಕ್ಲಸ್ಟರ್ ಹರಿದು ಬರೋ ಕೊಳವೆ) 0.5 ಮಿಲಿಬಾರ್, 300 ಕೆಲ್ವಿನ್, ದಾಟೋಕೆ 5 ಮಿಲಿಸೆಕೆಂಡ್. ಆಕ್ಸಿಜನ್ ವಾಲ್ವ್ ಮುಚ್ಚಿದ್ರೂ ಕ್ಲಸ್ಟರಿನ ತೂಕಕ್ಕೆ +16, +32 (ಒಂದು, ಎರಡು ಆಕ್ಸಿಜನ್ ಪರಮಾಣುವಿನಷ್ಟು) ಪೀಕ್ ಬರ್ತಾವ, ಮಳೆಗಾಲದಾಗ ಜಾಸ್ತಿ. ವಾಲ್ವ್ ತೆಗೆದ್ರೆ 13 ಪರಮಾಣುಗಳ ಕ್ಲಸ್ಟರ್ (ತೂಕ 351) ಕಡಿಮೆ ಆಗೋದು ಬಿಟ್ಟು ಹೆಚ್ಚಾಗ್ತದ. ಡಿಟೆಕ್ಟರ್ ತಪ್ಪೇನ್ರಿ?

ನಿರ್ವಾತ_ವಿಜಯಪುರ:
ಡಿಟೆಕ್ಟರ್ ಬಿಡ್ರಿ, ಗ್ಯಾಸ್ ನೋಡ್ರಿ. ಈ ಗಾತ್ರಕ್ಕೆ ಆಕ್ಸಿಜನ್ ಜೊತೆ ಲಾಂಜೆವಿನ್ ಡಿಕ್ಕಿ ದರ (ಅಯಾನು-ಅಣು ಡಿಕ್ಕಿಯ ಸೈದ್ಧಾಂತಿಕ ಲೆಕ್ಕ) ಸೆಕೆಂಡಿಗೆ ಸುಮಾರು 5.4×10⁻¹⁰ ಘನ ಸೆಂ.ಮೀ. ನಿಮ್ಮ 5 ಮಿಲಿಸೆಕೆಂಡಿನಾಗ ಸರಾಸರಿ ಒಂದು ಡಿಕ್ಕಿಗೆ 30 ಪಿಪಿಎಂ (ಹತ್ತು ಲಕ್ಷದಾಗ 30 ಪಾಲು) ಆಕ್ಸಿಜನ್ ಸಾಕು. 99.99 ಪ್ರತಿಶತ ಶುದ್ಧತೆಯ ಹೀಲಿಯಂ ಸಿಲಿಂಡರಿನಾಗ ಕಲ್ಮಶ 100 ಪಿಪಿಎಂ ತನಕ ಇರಬಹುದು!

ರಾಡ್ ತಿರುಗಿಸ್ತಾ ಲೇಸರ್ ಹೊಡೀರಿ. ಹೊಡೆದಂತೆ +16 ಇಳಿದ್ರೆ ಅದು ರಾಡ್ ಮೇಲಿನ ಆಕ್ಸೈಡ್ ಪದರ. ಇಳೀದಿದ್ರೆ ಗ್ಯಾಸ್ ಲೈನ್. ಮಳೆಗಾಲದ ಏರಿಕೆಗೆ ತೇವ ಕಾರಣ ಅನ್ನಿಸ್ತದ: +18 (ನೀರಿನ ಅಣು ಅಂಟಿದ್ದು) ಹುಡುಕ್ರಿ, ಅದನ್ನ +16ರಿಂದ ಬೇರ್ಪಡಿಸೋಕೆ 351ರ ಹತ್ರ 200ರಷ್ಟು ರೆಸಲ್ಯೂಷನ್ (ತೂಕವನ್ನ ಬೇರ್ಪಡಿಸಬೇಕಾದ ವ್ಯತ್ಯಾಸದಿಂದ ಭಾಗಿಸಿದ್ದು) ಬೇಕು. ಆದರೆ ನೀರು ಹೈಡ್ರೋಜನ್ ಬಿಟ್ಟುಕೊಟ್ರೂ +16 ಬರ್ತದ. ಪ್ಲಾಸ್ಟಿಕ್ ಪೈಪ್ ಇದ್ರೆ ತೆಗೆದು ಸ್ಟೀಲ್ ಹಾಕ್ರಿ, ಪಂಪ್ ಓಡಿಸ್ತಾ 120 ಡಿಗ್ರಿಗೆ ಬೇಯಿಸ್ರಿ.

ಶೀತಬಲೆ:
ಗ್ಯಾಸ್ ಲೈನಿಗೆ ದ್ರವ ನೈಟ್ರೋಜನ್ ಟ್ರ್ಯಾಪ್ (ಚಳಿಗೆ ಕಲ್ಮಶ ಹಿಡಿಯೋ ಬಲೆ) ಒಂದೇ ಹಾಕಿ ಸುಮ್ನಾಗಬ್ಯಾಡ್ರಿ. ನೀರು ಹೆಪ್ಪುಗಟ್ತದ, ಆಕ್ಸಿಜನ್ ಅಲ್ಲ: 77 ಕೆಲ್ವಿನ್‌ನಲ್ಲಿ ಅದರ ಆವಿ ಒತ್ತಡ 200 ಮಿಲಿಬಾರ್ ಹತ್ರ, 10 ಬಾರ್ ಹೀಲಿಯಂನಾಗ 30 ಪಿಪಿಎಂ ಅಂದ್ರೆ 0.3 ಮಿಲಿಬಾರ್ ಅಷ್ಟೇ, ಹಂಗಾಗಿ ಆವಿಯಾಗೇ ಉಳೀತದ. ಟ್ರ್ಯಾಪಿನಾಗ ಮಾಲಿಕ್ಯುಲರ್ ಸೀವ್ (ಅಣು ಹಿಡಿಯೋ ಸೂಕ್ಷ್ಮ ರಂಧ್ರಗಳ ವಸ್ತು) ತುಂಬಿ, ಮೊದಲು ನಿರ್ವಾತದಾಗ 250–300 ಡಿಗ್ರಿಗೆ ಕಾಯಿಸ್ರಿ. ರಿಲೀಫ್ ವಾಲ್ವ್ ಮರೀಬ್ಯಾಡ್ರಿ. ಬೆಚ್ಚಗಾದಾಗ ಹಿಡಿದಿದ್ದೆಲ್ಲ ಒಮ್ಮೆಲೇ ಬಿಡ್ತದ. ದ್ರವ ನೈಟ್ರೋಜನ್ ಸಿಗದಿದ್ರೆ ದನಗಳ ಕೃತಕ ಗರ್ಭಧಾರಣೆಗೆ ಪೂರೈಸೋರನ್ನ ಕೇಳ್ರಿ.

ಜೆಲಿಯಂ_40:
13ರ ಏರಿಕೆ ನಿಜವೇ. ಪರಮಾಣುವಿಗೆ ಮೂರು ಎಲೆಕ್ಟ್ರಾನ್‌ನಂತೆ ಹದಿಮೂರು ಮೂರಲೆ ಮೂವತ್ತೊಂಬತ್ತು, ಋಣ ವಿದ್ಯುದಂಶ ಒಂದು: 40 ಎಲೆಕ್ಟ್ರಾನ್, ಮುಚ್ಚಿದ (ತುಂಬಿದ) ಕವಚ, ಸಿಂಗ್ಲೆಟ್ (ಎಲ್ಲ ಎಲೆಕ್ಟ್ರಾನ್ ಜೋಡಿಯಾಗಿವೆ). ಆಕ್ಸಿಜನ್ ಟ್ರಿಪ್ಲೆಟ್ (ಎರಡು ಎಲೆಕ್ಟ್ರಾನ್ ಜೋಡಿಯಿಲ್ಲದೆ ಇವೆ), ಆದ್ದರಿಂದ ಸ್ಪಿನ್ ಹೊಂದದೆ ರಿಯಾಕ್ಷನ್‌ಗೆ ಅಡ್ಡಿ. 14ರದು 43, ಬೆಸ: ಜೋಡಿಯಿಲ್ಲದ ಎಲೆಕ್ಟ್ರಾನ್ ಇರೋದ್ರಿಂದ ಆ ಅಡ್ಡಿ ಇಲ್ಲ. ಡಿಕ್ಕಿ ದರ ಹೆಚ್ಚುಕಡಿಮೆ ಅಷ್ಟೇ ಇದ್ರೂ ಬೇಗ ಕರಗ್ತದ. ಮೇಲಾಗಿ 17ರ ಕ್ಲಸ್ಟರ್ ಒಂದು ಆಕ್ಸಿಜನ್ ಅಣು ಹಿಡಿದು ಎರಡು ಸಬ್‌ಆಕ್ಸೈಡ್ (ಎರಡು ಅಲ್ಯೂಮಿನಿಯಂ, ಒಂದು ಆಕ್ಸಿಜನ್) ಬಿಟ್ರೆ ಉಳಿಯೋದು 13ರದೇ. ಈ ಸ್ಪೆಕ್ಟ್ರಮ್‌ನಲ್ಲಿ 13ರ ರಿಯಾಕ್ಷನ್ ದರ ಲೆಕ್ಕ ಹಾಕಿದ್ರೆ ಅರ್ಥವಿಲ್ಲ. ಮುಂದೆ ಕ್ವಾಡ್ರುಪೋಲ್ (ತೂಕ ನೋಡಿ ಅಯಾನು ಆರಿಸೋ ಫಿಲ್ಟರ್) ಇಟ್ಟು 351 ಮಾತ್ರ ಆರಿಸಿ, ಆಕ್ಸಿಜನ್ ಸೆಲ್ಲಿಗೆ ಕಡಿಮೆ ವೇಗದಲ್ಲಿ ಬಿಡಿ. ವೇಗ ಹೆಚ್ಚಾದ್ರೆ ಡಿಕ್ಕಿಯ ಹೊಡೆತಕ್ಕೇ ಒಡೆದು, ರಿಯಾಕ್ಷನ್ ಆದಂಗೆ ಕಾಣ್ತದೆ.