ನಮ್ಮ ಹೋಟೆಲಿನಲ್ಲಿ ಒಬ್ಬರಿದ್ದರು

ಮುಂದಿನ ತಿಂಗಳು ರೋಮಿಗೆ ಹೊರಟಿದ್ದೇವೆ ಎಂದು ಸುಬ್ಬು ಎದುರಿಗೆ ಬಾಯಿಬಿಟ್ಟದ್ದೇ ತಪ್ಪಾಯಿತು. "ಭಾನುವಾರ ಮನೆಗೆ ಬಾ. ಬರುವಾಗ ಒಂದು ನೋಟ್‌ಬುಕ್ ತಾ" ಎಂದ. ಅವನೂ ವನಜಾಳೂ ಎರಡು ತಿಂಗಳ ಹಿಂದೆ ಹೋಗಿ ಬಂದವರು. ಇದ್ದದ್ದು ಐದೇ ದಿನ. ಮಾತು ಕೇಳಿದರೆ ಜೂಲಿಯಸ್ ಸೀಸರನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಅನ್ನಬೇಕು.

ನಾನು ಹೋಗುವಷ್ಟರಲ್ಲಿ ಕೇಶವ ಬಂದು ಕೂತಿದ್ದ. ಅವನು ಎಲ್ಲಿಗೂ ಹೊರಟವನಲ್ಲ, ಬೋಂಡಾ ಇದೆ ಎಂದು ಬಂದವನು. ಮೂಲೆಯಲ್ಲಿ ಸುಬ್ಬುವಿನ ಅಮ್ಮ ಹೂಬತ್ತಿ ಹೊಸೆಯುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ಆದರೆ ಕೇಳಿಸಬಾರದ್ದು ಮಾತ್ರ ಸರಿಯಾಗಿ ಕೇಳಿಸುತ್ತದೆ. ಸುಬ್ಬುವಿನ ಬಲಗೈಗೆ ಕೆಂಪು, ಹಳದಿ, ಹಸಿರು ಸೇರಿಸಿ ಹೆಣೆದ ದಾರ ಕಟ್ಟಿತ್ತು. ಯಾವುದೋ ದೇವಸ್ಥಾನದ್ದಿರಬೇಕು ಅಂದುಕೊಂಡು ಸುಮ್ಮನಾದೆ.

"ಮೊದಲು ಏರ್‌ಪೋರ್ಟ್" ಎಂದು ಸುಬ್ಬು ಶುರು ಮಾಡಿದ. "ಫ್ಯೂಮಿಚೀನೊದಲ್ಲಿ ಇಳಿಯುತ್ತೀಯ. ಹೊರಗೆ ಕಾಲಿಡುವ ಮೊದಲೇ ಟ್ಯಾಕ್ಸಿ ಟ್ಯಾಕ್ಸಿ ಅಂತ ಬರುತ್ತಾರೆ. ಅವರ ಹಿಂದೆ ಹೋಗಬೇಡ. ಅಸಲಿ ಟ್ಯಾಕ್ಸಿ ಬಿಳಿ ಬಣ್ಣದ್ದು, ನೆತ್ತಿಯ ಮೇಲೆ ಬೋರ್ಡ್ ಇರುತ್ತದೆ, ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿರುತ್ತದೆ. ಹಳೇ ಕೋಟೆಗೋಡೆಯ ಒಳಗಿನ ಊರಿಗೆ ದರ ನಿಗದಿಯಾಗಿದೆ. ಅದು ಗಾಡಿಗೆ, ತಲೆಗಲ್ಲ. ಲಗೇಜೂ ಅದರಲ್ಲೇ. ನಮ್ಮ ಹೋಟೆಲಿನಲ್ಲಿ ಒಬ್ಬರಿದ್ದರು, ಬೆಳಗಾವಿಯವರು. ಪಾಪ, ತಲೆಗೆ ಇಷ್ಟು ಅಂತ ಕೊಟ್ಟುಬಿಟ್ಟರು."

"ತಲೆಗೆ ನಲವತ್ತು ಯುರೋ" ಎಂದು ಅಡುಗೆಮನೆಯಿಂದ ವನಜಾ ಕೂಗಿದಳು. "ಎರಡು ತಲೆ. ಎರಡು ಸೂಟ್‌ಕೇಸಿಗೆ ಬೇರೆ ಹತ್ತು."

"ಅವರು ನಿಮಗೆ ಲೆಕ್ಕ ಒಪ್ಪಿಸಿದರಾ?" ಎಂದ ಕೇಶವ.

ಸುಬ್ಬು ಅದನ್ನು ಕೇಳಿಸಿಕೊಳ್ಳಲಿಲ್ಲ. "ಅದಕ್ಕಿಂತ ರೈಲು ಒಳ್ಳೆಯದು. ಲಿಯೊನಾರ್ಡೊ ಎಕ್ಸ್‌ಪ್ರೆಸ್ ಅಂತ. 14 ಯುರೋ, 32 ನಿಮಿಷ. ಎಲ್ಲೂ ನಿಲ್ಲದೆ ನೇರ ತೆರ್ಮಿನಿ ಸ್ಟೇಷನ್ನು. ಆಮೇಲೆ ಸೂಟ್‌ಕೇಸ್ ಉರುಳಿಸಿಕೊಂಡು ಹೋಗುತ್ತೇನೆ ಅನ್ನಬೇಡ. ಆ ಊರಿನ ಬೀದಿಗೆ ಹಾಸಿರುವುದು ಗುಪ್ಪೆಗುಪ್ಪೆ ಕಪ್ಪು ಕಲ್ಲು. ಸಾಂಪಿಯೆತ್ರಿನಿ ಅನ್ನುತ್ತಾರೆ. ಚಕ್ರ ಕಳಚುತ್ತದೆ."

"ಬೆಳಗಾವಿಯವರದ್ದಾ?" ಎಂದೆ.

"ಹೂಂ. ಅವರದ್ದೇ."

ಬೋಂಡಾ ಬಂತು. ಸುಬ್ಬು ಬಸ್ಸಿನ ವಿಷಯಕ್ಕೆ ಇಳಿದ. ರೋಮಿನ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. 'ಟಿಕೆಟ್ ಟಿಕೆಟ್' ಅಂತ ಯಾರೂ ಕೂಗುವುದಿಲ್ಲ, 'ಮುಂದಕ್ಕೆ ಹೋಗಿ' ಅಂತ ಯಾರೂ ತಳ್ಳುವುದಿಲ್ಲ. ಬೀಡಿ ಸಿಗರೇಟು ಮಾರುವ ಅಂಗಡಿಯಲ್ಲಿ, ಪೇಪರ್ ಅಂಗಡಿಯಲ್ಲಿ ಟಿಕೆಟ್ ಸಿಗುತ್ತದೆ. ಅಂಗಡಿಯ ಮುಂದೆ 'ಟಿ' ಅಕ್ಷರದ ಬೋರ್ಡ್ ನೇತಾಡುತ್ತಿರುತ್ತದೆ. ತಗೊಂಡರೆ ಮುಗಿಯಲಿಲ್ಲ. ಬಸ್ಸು ಹತ್ತಿದ ಮೇಲೆ ಒಳಗಿನ ಯಂತ್ರದ ಬಾಯಿಗೆ ಕೊಟ್ಟು ಅದರ ಮೇಲೆ ಸಮಯ ಒತ್ತಿಸಬೇಕು. ಒತ್ತಿಸಿದ ಗಳಿಗೆಯಿಂದ 100 ನಿಮಿಷ. ಒತ್ತಿಸದೇ ಇದ್ದರೆ ಟಿಕೆಟ್ ಇದ್ದರೂ ಇಲ್ಲದ ಲೆಕ್ಕ. ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತೋರಿಸಿದರೆ ಈ ತಾಪತ್ರಯವೇ ಇಲ್ಲ.

"ನಮ್ಮ ಹೋಟೆಲಿನಲ್ಲಿ ಒಬ್ಬರಿದ್ದರು, ಶಿವಮೊಗ್ಗದವರು" ಎಂದ ಸುಬ್ಬು. "ಟಿಕೆಟನ್ನು ಮಡಿಸಿ, ಕನ್ನಡಕದ ಡಬ್ಬಿಯಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದರು. ಚೆಕಿಂಗ್‌ನವರು ಬಂದು ದಂಡ ಹಾಕಿದರು. ತಲೆಗೆ 50 ಯುರೋ ಮೇಲೆ."

"ಇವರು ಮೂರು ಸ್ಟಾಪಿನವರೆಗೂ ವಾದ ಮಾಡಿದರು" ಎಂದಳು ವನಜಾ. "ಅವನು ಇಟಾಲಿಯನ್, ಇವರು ಕನ್ನಡ. ಕೊನೆಗೆ ಅವನೇ ನೀರು ಕುಡಿಯಲು ಕೊಟ್ಟ."

"ಇವರು ಅಂದರೆ?" ಎಂದ ಕೇಶವ.

"ಶಿವಮೊಗ್ಗದವರು" ಎಂದ ಸುಬ್ಬು, ಬೋಂಡಾ ಮುರಿಯುತ್ತಾ.

ಜೇಬುಗಳ್ಳರ ವಿಷಯದಲ್ಲಿ ಮಾತ್ರ ಅವನು ಎದೆ ಉಬ್ಬಿಸಿ ಮಾತಾಡಿದ. ಅಲ್ಲಿ ಅವನು ಸೋತಿರಲಿಲ್ಲ. ತೆರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64 ನಂಬರ್ ಬಸ್ಸು ಜೇಬುಗಳ್ಳತನಕ್ಕೆ ಊರಿಗೇ ಹೆಸರುವಾಸಿ. ಮೆಟ್ರೋ ಎ ಲೈನೂ ಅಷ್ಟೆ. ನೋಡಲು ಅವರೂ ನಮ್ಮ ಹಾಗೇ ಪ್ರವಾಸಿಗಳ ಥರ ಇರುತ್ತಾರೆ. ಕೈಯಲ್ಲಿ ಮ್ಯಾಪು, ತೋಳಿನ ಮೇಲೆ ಒಂದು ಜಾಕೆಟ್ಟು. ಬಾಗಿಲು ಮುಚ್ಚುವ ಹೊತ್ತಿಗೆ ನೂಕಿದ ಹಾಗೆ ಮಾಡಿ ಇಳಿದುಬಿಡುತ್ತಾರೆ. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಬೇಕು. ಹಿಂದಿನ ಜೇಬಿನಲ್ಲಿ ಬಾಚಣಿಗೆ ಬಿಟ್ಟು ಏನೂ ಇಡಬಾರದು. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಕಡೆ ಇರಬೇಕು. ಏನಾದರೂ ಆದರೆ ಫೋನ್ ಮಾಡಬೇಕಾದ ನಂಬರು 112.

"ನೀನು ಎಲ್ಲಿಟ್ಟಿದ್ದೆ ದುಡ್ಡು?"

ಸುಬ್ಬು ದನಿ ತಗ್ಗಿಸಿದ. "ಪಟ್ಟಾಪಟ್ಟಿ."

ಹೊರಡುವ ಮುಂಚೆ ಅವನ ಅಮ್ಮ ಎರಡು ಪಟ್ಟಾಪಟ್ಟಿ ಚಡ್ಡಿಗೆ ಒಳಜೇಬು ಹೊಲಿಸಿ, ಮೇಲೆ ಗುಂಡಿ ಹಾಕಿಸಿ ಕೊಟ್ಟಿದ್ದರಂತೆ. ಯುರೋ, ಪಾಸ್‌ಪೋರ್ಟ್ ಎಲ್ಲ ಅದರಲ್ಲಿ. ಅದರ ಮೇಲೆ ಪ್ಯಾಂಟು, ಪ್ಯಾಂಟಿನ ಮೇಲೆ ಬೆಲ್ಟು. ಯಾವ ಕಳ್ಳನಿಗೂ ಕೈ ಹಾಕಲು ಆಗಲಿಲ್ಲ. ಕಷ್ಟ ಅಂದರೆ ಸುಬ್ಬುವಿಗೂ ಆಗಲಿಲ್ಲ. ಕೊಲೋಸಿಯಂ ಟಿಕೆಟ್ಟಿನ ಮೇಲೆ ಹೆಸರು ಇರುತ್ತದೆ, ಗೇಟಿನಲ್ಲಿ ಗುರುತಿನ ದಾಖಲೆ ಕೇಳುತ್ತಾರೆ. ಹಿಂದೆ ನೂರಾರು ಜನ ಸಾಲಿನಲ್ಲಿ ನಿಂತಿರುವಾಗ ಸುಬ್ಬು ಬೆಲ್ಟಿಗೆ ಕೈ ಹಾಕಿದ. ಗೇಟಿನ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ವನಜಾ ನಾಲ್ಕು ಹೆಜ್ಜೆ ಸರಿದು, ಬೇರೆ ಯಾರದೋ ಹೆಂಡತಿಯ ಹಾಗೆ ಕಮಾನು ನೋಡುತ್ತಾ ನಿಂತಳು.

"ಇನ್ನು ಊಟ" ಎಂದ ಸುಬ್ಬು. ಇಲ್ಲಿ ನಾನು ಪೆನ್ನು ಸರಿಮಾಡಿಕೊಂಡೆ. ನಮಗೆ ಬೇಕಾದದ್ದೇ ಇದು.

"ಪೆಪೆರೋನಿ ಅಂತ ಮೆನುವಿನಲ್ಲಿದ್ದರೆ ಹೆದರಬೇಡ. ನಾನು ಮೂರು ದಿನ ಹೆದರಿಕೊಂಡು ಬಿಟ್ಟೆ. ಇಲ್ಲಿ ಪಿಜ್ಜಾ ಮೇಲೆ ಹಾಕುವ ಮಾಂಸ ಅದು ಅಂತ. ಇಟಲಿಯಲ್ಲಿ ಪೆಪೆರೋನಿ ಅಂದರೆ ದಪ್ಪ ಮೆಣಸಿನಕಾಯಿ ಕಣೋ! ಮರಿನಾರಾ ಪಿಜ್ಜಾ ಅಂದರೆ ಮೀನು ಅಂದುಕೊಳ್ಳುತ್ತೀಯ. ಮೀನಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ. ಚೀಸೂ ಇರುವುದಿಲ್ಲ. ಅಲ್ಲಿನ ಪೆಕೊರಿನೊ, ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕುರಿಮರಿಯದ್ದೋ ಕರುವಿನದ್ದೋ ಹೊಟ್ಟೆಯೊಳಗಿನ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರಿಗೆ ಮರಿನಾರಾನೇ ಗತಿ. ಪಾಸ್ತಾ ಬೇಕಾದರೆ ಆಲ್ಯೊ ಎ ಓಲ್ಯೊ ಕೇಳು. ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಶ್ಯಾವಿಗೆ ಅಂದುಕೋ. 'ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ' ಅಂತ ಬಾಯಿಪಾಠ ಮಾಡು. ಮಾಂಸ ಬೇಡ, ಮೀನು ಬೇಡ ಅಂತ."

ಆಮೇಲೆ ಅಮ್ಮನ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದ.

"ಕಾರ್ಬೊನಾರಾ ಅನ್ನುವ ಪಾಸ್ತಾ ಮಾತ್ರ ಮುಟ್ಟಬೇಡ. ನಮ್ಮ ಹೋಟೆಲಿನಲ್ಲಿ ಒಬ್ಬರಿದ್ದರು, ಹುಬ್ಬಳ್ಳಿಯವರು. ಬೆಳ್ಳಗೆ, ಕೆನೆಕೆನೆಯಾಗಿ ಇತ್ತಂತೆ. ನಡುನಡುವೆ ಹುರಿದ ಕೊಬ್ಬರಿ ಚೂರಿನ ಥರ. ಎರಡನೇ ಸಲ ಕೇಳಿ ಹಾಕಿಸಿಕೊಂಡರಂತೆ. ಆಮೇಲೆ ಗೊತ್ತಾಯಿತು, ಅದು ಗ್ವಾಂಚಾಲೆ ಅಂತೆ. ಹಂದಿಯ ಕೆನ್ನೆ."

ಅಡುಗೆಮನೆಯ ಕಡೆ ನೋಡಿದೆ. ವನಜಾ ಎಣ್ಣೆಯನ್ನೇ ನೋಡುತ್ತಾ ನಿಂತಿದ್ದಳು. ಇಡೀ ಸಂಜೆಯಲ್ಲಿ ಅವಳು ತಿದ್ದದೇ ಬಿಟ್ಟ ಮಾತು ಅದೊಂದೇ.

"ಏನೋ ಅದು ಕೆನ್ನೆ?" ಎಂದರು ಅಮ್ಮ.

"ಕೆನೆ ಅಮ್ಮ. ಹಾಲಿನ ಕೆನೆ."

"ಬೆಳಗಾವಿ, ಶಿವಮೊಗ್ಗ, ಹುಬ್ಬಳ್ಳಿ" ಎಂದು ಕೇಶವ ಬೆರಳು ಮಡಿಸಿದ. "ಆ ಹೋಟೆಲಿನಲ್ಲಿ ಇಟಲಿಯವರು ಯಾರೂ ಇರಲಿಲ್ವಾ?"

ಕಾಫಿ ಬಂದದ್ದರಿಂದ ಸುಬ್ಬು ಬಚಾವಾದ. ಮಾತು ಕಾಫಿಗೇ ತಿರುಗಿತು. ರೋಮಿನಲ್ಲಿ ಕಾಫಿ ಕುಡಿಯುವ ಜಾಗಕ್ಕೆ ಬಾರ್ ಅನ್ನುತ್ತಾರೆ. ಬೋರ್ಡ್ ನೋಡಿ ಸುಬ್ಬು ಮೊದಲ ದಿನ ಹೆಂಡತಿಯನ್ನು ಹೊರಗೆ ನಿಲ್ಲಿಸಿ ಒಳಗೆ ಇಣುಕಿದನಂತೆ. ನಿಂತು ಕುಡಿದರೆ ಒಂದು ಬೆಲೆ, ಕೂತರೆ ಇನ್ನೊಂದು. ಎಷ್ಟೋ ಕಡೆ ಮೊದಲು ಕ್ಯಾಶಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು ಕೌಂಟರಿಗೆ ಹೋಗಬೇಕು. ಬೆಂಗಳೂರಿನ ದರ್ಶಿನಿಗಳಲ್ಲಿ ಪಳಗಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಪಿಯಾಜಾ ನವೋನಾದ ಚೌಕದಲ್ಲಿ, ಕಾರಂಜಿಯ ಎದುರಿಗೆ ಬಿಳಿ ಬಟ್ಟೆ ಹಾಸಿದ ಮೇಜು ಕಂಡರೆ ಕಾಲು ತಾನೇ ಆ ಕಡೆ ಹೋಗುತ್ತದೆ.

"ಲಾತೆ ಅಂತ ಕೇಳಿದೆ" ಎಂದಳು ವನಜಾ, ಈಗ ಹೊರಗೆ ಬಂದು ಕೂತು. "ಒಂದು ಲೋಟ ಹಾಲು ತಂದಿಟ್ಟ. ತಣ್ಣಗೆ. ಅವರ ಭಾಷೆಯಲ್ಲಿ ಲಾತೆ ಅಂದರೆ ಬರೀ ಹಾಲು. ಇವರು ಕಾಫೆ ಅಂದರು. ಬೆರಳು ಅದ್ದುವಷ್ಟು ಕಪ್ಪಿನ ತಳದಲ್ಲಿ ಒಂದು ಗುಟುಕು ಡಿಕಾಕ್ಷನ್ನು. ನಾನು ಅದನ್ನು ತಗೊಂಡು ನನ್ನ ಹಾಲಿಗೆ ಸುರಿದು, ಎರಡು ಲೋಟಕ್ಕೆ ಎತ್ತಿ ಎತ್ತಿ ಹುಯ್ದು, ಬೈಟು ಮಾಡಿದೆ. ಇಡೀ ಚೌಕ ತಿರುಗಿ ನೋಡಿತು."

ಬಿಲ್ಲಿನಲ್ಲಿ ಕಾಫಿಗಿಂತ ಕುರ್ಚಿಗೇ ಜಾಸ್ತಿ ದುಡ್ಡು ಹೋಯಿತಂತೆ. ಊಟದ ಜಾಗದಲ್ಲೂ ಬಿಲ್ಲನ್ನು ಮೇಲಿಂದ ಕೆಳಗೆ ಓದಬೇಕು. ಕೇಳದೇ ತಂದಿಟ್ಟ ಬ್ರೆಡ್ಡಿಗೆ 'ಪಾನೆ' ಅಂತ ಒಂದು ಸಾಲು ಇರುತ್ತದೆ. ನಮ್ಮಲ್ಲಿ ಚಟ್ನಿಗೆ ದುಡ್ಡು ಕೇಳಿದರೆ ಎಷ್ಟು ಗಲಾಟೆ ಆಗುತ್ತಿತ್ತು ಎಂದು ಕೇಶವ ಕಲ್ಪಿಸಿಕೊಂಡು ಖುಷಿಪಟ್ಟ. ಟಿಪ್ಸ್ ಮಾತ್ರ ಕಡ್ಡಾಯವಲ್ಲ.

"ನೀರಿಗೆ ದುಡ್ಡು ಕೊಡಬೇಡ" ಎಂದಳು ವನಜಾ. "ಬೀದಿಬೀದಿಯಲ್ಲೂ ಕಬ್ಬಿಣದ ಕುಳ್ಳ ಕಂಬ ಇದೆ, ಬಾಗಿದ ಮೂಗಿನ ಥರ ನಲ್ಲಿ. ನಾಸೋನೆ ಅಂತಲೇ ಹೆಸರು, ದೊಡ್ಡ ಮೂಗು ಅಂತ. ಊರಲ್ಲಿ ಎರಡೂವರೆ ಸಾವಿರದ ಹತ್ತಿರ ಇವೆ. ಒಳ್ಳೆ ನೀರು, ತಣ್ಣಗೆ. ಆ ಮೂಗಿನ ಹೊಳ್ಳೆಗೆ ಬೆರಳು ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ಕಾರಂಜಿ ಹಾಗೆ ಚಿಮ್ಮುತ್ತದೆ. ಬಾಯಿ ಕೊಟ್ಟು ಕುಡಿಯಬಹುದು."

"ಅದಲ್ಲ, ನೀನು ಮಾಡಿದ್ದು ಹೇಳು" ಎಂದ ಸುಬ್ಬು. ಸೇಡು ತೀರಿಸಿಕೊಳ್ಳಲು ಸಿಕ್ಕ ಮೊದಲ ಅವಕಾಶ.

ಆ ನಲ್ಲಿಗಳು ಹಗಲು ರಾತ್ರಿ ಸುರಿಯುತ್ತಲೇ ಇರುತ್ತವೆ. ವನಜಾ ವಾರಕ್ಕೆ ಎರಡು ದಿನ ಕಾವೇರಿ ನೀರು ಬರುವ ಬಡಾವಣೆಯವಳು, ಬೇಸಿಗೆಯಲ್ಲಿ ಟ್ಯಾಂಕರಿನವನಿಗೆ ಫೋನ್ ಮಾಡಿ ಮಾಡಿ ದನಿ ಕಳೆದುಕೊಂಡವಳು. ಯಾರೋ ಪುಣ್ಯಾತ್ಮರು ನಿಲ್ಲಿಸಲು ಮರೆತಿದ್ದಾರೆ ಎಂದು ಕಂಬದ ಸುತ್ತ ಎರಡು ಸುತ್ತು ಹಾಕಿ ತಿರುಪು ಹುಡುಕಿದಳಂತೆ. ಇಲ್ಲ. ಎರಡನೇ ಕಂಬಕ್ಕೂ ಇಲ್ಲ. ಮೂರನೆಯದರ ಹತ್ತಿರ ಒಬ್ಬ ಮುದುಕ ಕೈಸನ್ನೆಯಲ್ಲಿ ಕೇಳಿದ, ಏನು ಕಳೆದುಹೋಯಿತು ಅಂತ.

"ನನಗೆ ಈಗಲೂ ಸಂಕಟ ಆಗುತ್ತದೆ" ಎಂದಳು. "ನಾವು ಇಲ್ಲಿ ಕೂತು ಮಾತಾಡುತ್ತಿದ್ದೇವೆ, ಅಲ್ಲಿ ಸುರಿಯುತ್ತಲೇ ಇದೆ."

ವ್ಯಾಟಿಕನ್ ಮಾತು ಬಂತು. ಅಲ್ಲಿನ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಪುಕ್ಕಟೆ, ಆವತ್ತು ಕಾಲಿಡಲು ಜಾಗ ಇರುವುದಿಲ್ಲ. ಸೇಂಟ್ ಪೀಟರ್ಸ್ ಚರ್ಚಿನೊಳಗೆ ಹೋಗಲು ಟಿಕೆಟ್ ಇಲ್ಲ, ಆದರೆ ಭುಜ, ಮಂಡಿ ಎರಡೂ ಮುಚ್ಚಿರಬೇಕು. ಸುಬ್ಬು ಬಿಸಿಲಿಗೆಂದು ಬರ್ಮುಡಾ ಹಾಕಿದ್ದ. ಬಾಗಿಲಲ್ಲಿ ತಡೆದರು.

"ನಮ್ಮ ಉಡುಪಿಯಲ್ಲಿ, ಗೋಕರ್ಣದಲ್ಲಿ ಅಂಗಿ ಬಿಚ್ಚು ಅನ್ನುತ್ತಾರೆ, ಅಲ್ಲಿ ಮುಚ್ಚು ಅನ್ನುತ್ತಾರೆ" ಎಂದ ಕೇಶವ. "ದೇವರಿಗೂ ಒಂದು ತೀರ್ಮಾನ ಇರಬಾರದಾ?"

ಒಂದು ಗಂಟೆ ಬಿಸಿಲಲ್ಲಿ ನಿಂತ ಸಾಲು ಬಿಡಲು ಮನಸ್ಸಾಗಲಿಲ್ಲ. ವನಜಾಳ ದುಪಟ್ಟಾ ಇತ್ತು, ಗುಲಾಬಿ ಬಣ್ಣದ್ದು, ಅಂಚಿಗೆ ಕನ್ನಡಿ ಚೂರು. ಸುಬ್ಬು ಅದನ್ನೇ ಪಂಚೆಯ ಹಾಗೆ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಂಭೀರ್ಯದಿಂದ ಒಳಗೆ ನಡೆದ. ಆ ಫೋಟೋ ವನಜಾಳ ಮೊಬೈಲಿನಲ್ಲಿದೆ. ಹಿಂದೆ ಅಷ್ಟೆತ್ತರದ ಕಂಬಗಳು, ಮುಂದೆ ಮದುವೆಮನೆಯಲ್ಲಿ ಬಡಿಸಲು ಹೊರಟವನ ಹಾಗೆ ಸುಬ್ಬು.

ಮಾರನೇ ದಿನ ಸ್ಪ್ಯಾನಿಷ್ ಮೆಟ್ಟಿಲು. 135 ಮೆಟ್ಟಿಲು ಹತ್ತಿ ಇಳಿದರೆ ಯಾರಿಗಾದರೂ ಮಂಡಿ ಹಿಡಿಯುತ್ತದೆ. "ನಮ್ಮ ಹೋಟೆಲಿನಲ್ಲಿ ಮಂಗಳೂರಿನವರು ಒಬ್ಬರು..." ಎಂದು ಸುಬ್ಬು ಶುರು ಮಾಡಿ, ನಮ್ಮ ಮೂವರ ಮುಖ ನೋಡಿ, "ನಾನೇ ಕಣಯ್ಯ" ಎಂದ. "ದರ್ಶನ ಆದಮೇಲೆ ಮೆಟ್ಟಿಲ ಮೇಲೆ ಒಂದು ನಿಮಿಷ ಕೂರಬೇಕು, ಅಲ್ವಾ? ಕೂತೆ. ಪೀಪಿ ಊದಿದರು. ಕ್ರಿಕೆಟ್ ಅಂಪೈರ್ ಥರ ಕೈ ಎತ್ತಿ ಏಳು ಅಂದರು. 2019ರಿಂದ ಅಲ್ಲಿ ಕೂರುವ ಹಾಗಿಲ್ಲವಂತೆ. ಕೂತರೆ 250 ಯುರೋ ದಂಡ, ಗಲೀಜು ಮಾಡಿದರೆ 400ರವರೆಗೆ. ಕೂರುವುದಕ್ಕಲ್ಲದಿದ್ದರೆ ಮೆಟ್ಟಿಲು ಯಾಕೆ ಕಟ್ಟಿಸಬೇಕಿತ್ತು?"

ಕೇಶವ ಮೊಬೈಲಿನಲ್ಲಿ ಗುಣಿಸಿ, ಇಪ್ಪತ್ತೈದು ಸಾವಿರ ರೂಪಾಯಿಗೂ ಮೇಲೆ ಎಂದ. "ಅಷ್ಟಕ್ಕೆ ಒಳ್ಳೆ ಸೋಫಾ ಬರುತ್ತದೆ."

ಟ್ರೆವಿ ಕಾರಂಜಿಗೆ ಬೆನ್ನು ಹಾಕಿ, ಬಲಗೈಯಿಂದ ಎಡ ಭುಜದ ಮೇಲೆ ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತೀರಿ ಅಂತ ನಂಬಿಕೆ. ಆ ದುಡ್ಡು ಕಾರಿತಾಸ್ ಸಂಸ್ಥೆಯ ಮೂಲಕ ಬಡವರಿಗೆ ಹೋಗುತ್ತದೆ. ಸುಬ್ಬು ಎಸೆಯಲಿಲ್ಲ. ಮತ್ತೆ ಬರುವಷ್ಟು ದುಡ್ಡು ಉಳಿದಿರಲಿಲ್ಲ.

"ಯಾಕೆ ಉಳಿದಿರಲಿಲ್ಲ? ಆ ದಾರದ ವಿಷಯ ಹೇಳಿ" ಎಂದಳು ವನಜಾ.

ಸುಬ್ಬು ಕೈಯನ್ನು ತೋಳಿನೊಳಗೆ ಎಳೆದುಕೊಂಡ.

ಪೀಪಿ ಊದಿಸಿಕೊಂಡು ಎದ್ದು ಮೆಟ್ಟಿಲ ಕೆಳಗೆ ಬಂದಾಗ ಒಬ್ಬ ನಗುನಗುತ್ತಾ ಎದುರಾದನಂತೆ. ಇಂಡಿಯಾ? ನಮಸ್ತೆ! ಗೆಳೆತನಕ್ಕೆ, ಪುಕ್ಕಟೆ! ಎಂದು ದಾರ ಹಿಡಿದ. ಬೇರೆ ದೇಶದವರಾಗಿದ್ದರೆ ಕೈ ಜೇಬಿಗೆ ಹಾಕಿಕೊಂಡು ಹೋಗಿರುತ್ತಿದ್ದರು. ನಮಗೆ ದಾರ ಕಂಡರೆ ಕೈ ತಾನೇ ಮುಂದೆ ಬರುತ್ತದೆ. ಸುಬ್ಬು ಬಲಗೈ ಚಾಚಿ, ಮೊಣಕೈ ಕೆಳಗೆ ಎಡಗೈ ಇಟ್ಟು, ಕಣ್ಣು ಮುಚ್ಚಿದ.

"ಹೆಸರು, ಗೋತ್ರ, ನಕ್ಷತ್ರ ಹೇಳುವುದೊಂದು ಬಾಕಿ" ಎಂದಳು ವನಜಾ.

ಕಣ್ಣು ಬಿಟ್ಟಾಗ ಗಂಟು ಬಿದ್ದಿತ್ತು. ಇಪ್ಪತ್ತು ಯುರೋ ಎಂದ. ವನಜಾ ಗಾಂಧಿ ಬಜಾರಿನ ವರಸೆ ತೆಗೆದು ಹತ್ತಕ್ಕೆ ಇಳಿಸಿದಳು. ಆದರೆ ದುಡ್ಡು ಪಟ್ಟಾಪಟ್ಟಿಯಲ್ಲಿತ್ತು. ಸುಬ್ಬು ಅಲ್ಲೇ ಬೆಲ್ಟು ಬಿಚ್ಚಿ, ಗುಂಡಿ ತಡಕಾಡಿ ಹುಡುಕುವಷ್ಟು ಹೊತ್ತೂ ಅವನು ಆ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದನಂತೆ.

"ಮರ್ಯಾದಸ್ಥ" ಎಂದ ಸುಬ್ಬು.

"ಮತ್ತೆ ಇನ್ನೂ ಯಾಕೆ ಕಟ್ಟಿಕೊಂಡಿದ್ದೀಯ? ಕತ್ತರಿಸಿ ಬಿಸಾಕಬಾರದಾ?"

ಸುಬ್ಬು ಅಮ್ಮನ ಕಡೆ ಕಣ್ಣು ತೋರಿಸಿದ. ಅವರು ಹೂಬತ್ತಿ ಪಕ್ಕಕ್ಕಿಟ್ಟು ನಮ್ಮ ಕಡೆ ತಿರುಗಿದ್ದರು.

"ಅದು ಅಲ್ಲಿನ ದೊಡ್ಡ ಗುಡಿಯದ್ದಂತೆ" ಎಂದರು ನನಗೆ. "ಯಾವ ದೇವರಾದರೇನಪ್ಪ. ಕಟ್ಟಿಸಿಕೊಂಡು ಬಂದಾಗಿನಿಂದ ಇವನ ಮಂಡಿನೋವು ಮಾಯ. ನೀನು ಹೋದಾಗ ನನಗೂ ಒಂದು ಕಟ್ಟಿಸಿಕೊಂಡು ಬಾ."

ಬಾಗಿಲವರೆಗೆ ಕಳಿಸಲು ಬಂದ ಸುಬ್ಬು ಮೆಲ್ಲಗೆ ಹೇಳಿದ: "ಹತ್ತರ ಮೇಲೆ ಒಂದು ಯುರೋ ಕೊಡಬೇಡ. ಚಿಲ್ಲರೆ ಮೊದಲೇ ಮೇಲಿನ ಜೇಬಿನಲ್ಲಿ ಇಟ್ಟುಕೊಂಡಿರು."