ಹಾರ್ಸ್ ಶೋ ಒಂದು ಸ್ಟೇಟಲ್ಲಿ, ಮುಂಜಿ ಇನ್ನೊಂದು ಸ್ಟೇಟಲ್ಲಿ: ಹೇಗ್ ನಿಭಾಯಿಸ್ತೀರ?

ಕೇಳಿದವರು, ಕ್ಯಾರಿ, ನಾರ್ತ್ ಕ್ಯಾರೊಲೈನಾ:

ಎಲ್ರಿಗೂ ನಮಸ್ಕಾರ. ಮಗಳಿಗೆ 14 ವರ್ಷ, ಚಿಕ್ಕೋಳಿದ್ದಾಗಿಂದ ರೈಡಿಂಗ್ ಹುಚ್ಚು, ಈ ವರ್ಷ ಒಂದು ಕುದುರೆ ಲೀಸ್‌ಗೆ ತಗೊಂಡಿದೀವಿ. ಇಲ್ಲಿವರೆಗೂ ಮನೆ ಹತ್ರದ ಶೋಗಳಷ್ಟೇ, ಈಗ ಟ್ರೈನರ್ ಜುಲೈನಲ್ಲಿ ಲೆಕ್ಸಿಂಗ್ಟನ್‌ಗೆ, ಅದೇ ಕೆಂಟಕಿ ಹಾರ್ಸ್ ಪಾರ್ಕ್‌ಗೆ, ಹೋಗೋಣ ಅಂತಿದಾರೆ. ಸರಿಯಾಗಿ ಅದೇ ವೀಕೆಂಡ್ ನ್ಯೂಜೆರ್ಸಿಯಲ್ಲಿ ನನ್ನ ನಾದಿನಿ ಮಗನ ಮುಂಜಿ, ಊರಿಂದ ಅತ್ತೆ ಮಾವ ಬೇರೆ ಬರ್ತಿದಾರೆ. ಕುದುರೆ ಸ್ಟೇಟ್ ದಾಟೋಕೆ ಏನೇನು ಪೇಪರ್ ಬೇಕು, ಮಗಳನ್ನ ಟ್ರೈನರ್ ಜೊತೆ ಬಿಟ್ಟು ನಾವು ಮುಂಜಿಗೆ ಹೋಗ್ಬಹುದಾ, ಮನೆಯವರಿಗೆ ಹೇಗೆ ಹೇಳೋದು, ಒಂದೂ ಗೊತ್ತಾಗ್ತಿಲ್ಲ. ಕುದುರೆ ಇಡೋ ಬಾರ್ನ್‌ನಲ್ಲಿ ಬೇರೆ ಪೇರೆಂಟ್ಸ್‌ನ ಕೇಳೋಣ ಅಂದ್ರೆ ಮುಂಜಿ ಅಂದ್ರೇನು ಅಂತ ಹೇಳೋದ್ರಲ್ಲೇ ಅರ್ಧ ಗಂಟೆ ಹೋಗತ್ತೆ. ಅನುಭವ ಇರೋರು ದಯವಿಟ್ಟು ಹೇಳಿ.

ವರ್ಜೀನಿಯಾದಿಂದ:

ನಮ್ಮನೇಲಿ ಇಬ್ರು ಹುಡುಗೀರೂ ಹಂಟರ್ (ಕುದುರೆ ಎಷ್ಟು ಅಂದವಾಗಿ ಜಂಪ್ ಮಾಡತ್ತೆ ಅಂತ ಜಡ್ಜ್ ಮಾಡೋ ರೈಡಿಂಗ್) ಮಾಡ್ತಾರೆ ಅದಕ್ಕೆ ಸ್ವಲ್ಪ ಉದ್ದಾನೇ ಬರೀತೀನಿ, ಕಾಫಿ ಇಟ್ಕೊಂಡು ಓದಿ.

ಮೊದ್ಲು ಪೇಪರ್. ಕಾಗಿನ್ಸ್ ಮತ್ತೆ ಹೆಲ್ತ್ ಸರ್ಟಿಫಿಕೇಟ್, ಇವೆರಡು ಇಲ್ದೆ ಟ್ರೇಲರ್ ಹೊರಡ್ಲೇಬಾರ್ದು. ಕಾಗಿನ್ಸ್ ಅಂದ್ರೆ ರಕ್ತ ಪರೀಕ್ಷೆ, ರಕ್ತ ಹೀರೋ ದೊಡ್ಡ ನೊಣಗಳಿಂದ ಹರಡೋ ಇಕ್ವೈನ್ ಇನ್ಫೆಕ್ಷಿಯಸ್ ಅನೀಮಿಯಾ ಇಲ್ಲ ಅಂತ ತೋರಿಸೋಕೆ. ಅದಕ್ಕೆ ಲಸಿಕೆನೂ ಇಲ್ಲ ಔಷಧಿನೂ ಇಲ್ಲ, ಪಾಸಿಟಿವ್ ಬಂದ್ರೆ ಕುದುರೇನ ಬದುಕಿರೋವರೆಗೂ ಬೇರೆ ಕುದುರೆಗಳಿಂದ ದೂರ ಇಡ್ಬೇಕು ಇಲ್ಲಾ ಯುಥನೈಸ್ (ದಯಾಮರಣ) ಮಾಡಿಸ್ಬೇಕು, ಅಷ್ಟು ಕಟ್ಟುನಿಟ್ಟು ಯಾಕೆ ಅಂತ ನಿಮ್ಗೇ ಗೊತ್ತಾಗತ್ತೆ. ಸಾಮಾನ್ಯವಾಗಿ 12 ತಿಂಗಳೊಳಗಿಂದು ಇದ್ರೆ ನಡಿಯತ್ತೆ, ಕೆಲವು ಸ್ಟೇಟ್ ಮತ್ತೆ ಕೆಲವು ಶೋನವರು 6 ತಿಂಗಳೊಳಗಿಂದೇ ಬೇಕು ಅಂತಾರೆ. ಹೆಲ್ತ್ ಸರ್ಟಿಫಿಕೇಟ್ ಮಾತ್ರ ಸಾಧಾರಣವಾಗಿ 30 ದಿನ ಅಷ್ಟೇ. ಬೇಸಿಗೆಯಲ್ಲಿ ಮೂರ್ನಾಕು ಸ್ಟೇಟ್ ಸುತ್ತೋರಾದ್ರೆ ವೆಟ್ ಹತ್ರ ಆರು ತಿಂಗಳ ಎಕ್ಸ್‌ಟೆಂಡೆಡ್ ಸರ್ಟಿಫಿಕೇಟ್ ಕೇಳಿ, ಅದನ್ನ ಒಪ್ಪೋ ಸ್ಟೇಟ್‌ಗಳಿಗೆ ಹೋಗೋವಾಗ ಪ್ರತಿ ಸಲ ಹೊರಡೋ ಮುಂಚೆ ಆನ್‌ಲೈನ್‌ನಲ್ಲಿ ಟ್ರಿಪ್ ಹಾಕಿದ್ರೆ ಸಾಕು. ಇದಲ್ದೆ ಯುಎಸ್ಇಎಫ್ (ಅಮೆರಿಕದ ಕುದುರೆ ಸವಾರಿ ಫೆಡರೇಷನ್) ಶೋಗಳಿಗೆ ಫ್ಲೂ ಮತ್ತೆ ಹರ್ಪಿಸ್ ಲಸಿಕೆ ಆರು ತಿಂಗಳೊಳಗೆ ಹಾಕ್ಸಿರೋ ದಾಖಲೆ ಬೇಕು. ಎಲ್ಲಾ ಕಾಗದಗಳ ಫೋಟೋ ನಿಮ್ಮ ಫೋನಲ್ಲೂ ಇರ್ಲಿ, ಡ್ರೈವರ್ ಹತ್ರ ಪ್ರಿಂಟೂ ಇರ್ಲಿ.

ಲೀಸ್ ಕುದುರೆ ಅಂದ್ರಲ್ಲ, ಅಗ್ರಿಮೆಂಟ್ ಇವತ್ತೇ ತೆಗೆದು ಓದಿ. ಬಾರ್ನ್ ಬಿಟ್ಟು ಹೊರಗೆ, ಅದ್ರಲ್ಲೂ ಬೇರೆ ಸ್ಟೇಟ್‌ಗೆ, ಕರ್ಕೊಂಡು ಹೋಗೋಕೆ ಓನರ್ ಒಪ್ಪಿಗೆ ಬರಹದಲ್ಲಿ ಬೇಕು ಅಂತ ಬಹಳ ಅಗ್ರಿಮೆಂಟ್‌ಗಳಲ್ಲಿ ಇರತ್ತೆ, ಇನ್ಶೂರೆನ್ಸ್ ಯಾರ ಹೆಸರಲ್ಲಿದೆ, ದಾರೀಲಿ ಕೋಲಿಕ್ (ಜೋರು ಹೊಟ್ಟೆನೋವು) ಆದ್ರೆ ಸರ್ಜರಿಗೆ ಹೂಂ ಅನ್ನೋರು ಯಾರು, ಇದೆಲ್ಲಾ ಈಗ್ಲೇ ಮಾತಾಡ್ಕೊಳ್ಳಿ.

ಇನ್ನು ಮಗಳನ್ನ ಬಿಟ್ಟು ಹೋಗೋ ವಿಷ್ಯ. ಹೋಗ್ಬಹುದು, ಆದ್ರೆ ಬಾಯಿಮಾತಲ್ಲಿ ಬಿಟ್ಟು ಹೋಗೋ ಹಾಗಿಲ್ಲ. ಸೇಫ್‌ಸ್ಪೋರ್ಟ್ (ಕ್ರೀಡೆಯಲ್ಲಿ ಮಕ್ಕಳ ರಕ್ಷಣೆಗೆ ಇರೋದು) ರೂಲ್ಸ್ ಪ್ರಕಾರ ಟ್ರೈನರ್ ಥರ ಕ್ರೀಡೆಯಲ್ಲಿ ತೊಡಗಿರೋ, ಸಂಬಂಧ ಇಲ್ಲದ ವಯಸ್ಕರು ಮೈನರ್ ಜೊತೆ ಹೋಟೆಲ್ ರೂಮ್ ಹಂಚ್ಕೊಳ್ಳೋ ಹಾಗಿಲ್ಲ, ಕಾರಲ್ಲಿ ಕರ್ಕೊಂಡು ಹೋಗೋಕೂ ಪೇರೆಂಟ್ಸ್ ಲಿಖಿತ ಒಪ್ಪಿಗೆ ಬೇಕು. ಟ್ರೈನರ್ ಎಷ್ಟೇ ಒಳ್ಳೆಯವರಿರ್ಲಿ ಈ ರೂಲ್ ಅವರಿಗೂ ರಕ್ಷಣೆ. ನಾವು ಮಾಡೋದು ಅದೇ ಬಾರ್ನಿನ ಇನ್ನೊಂದು ಹುಡುಗಿ ಅಮ್ಮ ಇರೋ ರೂಮಲ್ಲಿ ಮಗಳನ್ನ ಬಿಡೋದು, ಅವ್ರಿಗೂ ಕನ್ಸೆಂಟ್ ಬರೆದು ಕೊಟ್ಟು ಜೊತೆಗೆ ಮೆಡಿಕಲ್ ಕನ್ಸೆಂಟ್ ನೋಟರಿ ಮಾಡ್ಸಿ ಇನ್ಶೂರೆನ್ಸ್ ಕಾರ್ಡ್ ಕಾಪಿ ಸಮೇತ ಕೊಟ್ಟಿರ್ತೀವಿ, ಬಿದ್ದು ಕೈ ಮುರ್ಕೊಂಡ್ರೆ ಇಆರ್‌ನಲ್ಲಿ ನಿಮ್ಮ ಫೋನ್ ಸಿಗೋವರೆಗೂ ಕಾಯೋ ಹಾಗಾಗ್ಬಾರ್ದು, ಮುಂಜಿ ಮನೇಲಿ ವಾದ್ಯದ ಸದ್ದಲ್ಲಿ ಫೋನ್ ಯಾರಿಗೆ ಕೇಳತ್ತೆ ಹೇಳಿ. ಎಂಟ್ರಿ ಫಾರ್ಮಲ್ಲಿ ಪೇರೆಂಟ್ ಸಹಿ ಮುಂಚೇನೇ ಆಗಿರ್ಲಿ.

ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ, ವಾರ ಬದಲಾಯಿಸಿ. ದೊಡ್ಡ ಜಾಗಗಳಲ್ಲಿ ಬೇಸಿಗೆ ಶೋಗಳು ಸಾಮಾನ್ಯವಾಗಿ ಒಂದು ವಾರದ ಹಿಂದೆ ಇನ್ನೊಂದು ವಾರ ಇರ್ತವೆ. ಬುಧವಾರದಿಂದ ಭಾನುವಾರ ಒಂದು ಶೋ, ಮುಂದಿನ ಬುಧವಾರ ಮತ್ತೊಂದು. ಟ್ರೈನರ್‌ಗೆ ನಿಮ್ಮ ತಾರೀಖು ಗೊತ್ತಿಲ್ದೆ ಮೊದಲ್ನೇ ವಾರ ಅಂದಿರ್ತಾರೆ ಅಷ್ಟೇ. ಎಂಟ್ರಿ ಕ್ಲೋಸ್ ಆಗೋ ತಾರೀಖಿನೊಳಗೆ ಹೇಳಿದ್ರೆ ದುಡ್ಡೂ ಹೋಗಲ್ಲ, ಆಮೇಲೆ ಸ್ಕ್ರ್ಯಾಚ್ ಮಾಡಿದ್ರೆ, ಅಂದ್ರೆ ಹೆಸರು ವಾಪಸ್ ತಗೊಂಡ್ರೆ, ಸ್ಟಾಲ್ (ಕುದುರೆ ಕಟ್ಟೋ ಜಾಗ) ಫೀಸ್ ವಾಪಸ್ ಬರೋದು ಕಷ್ಟ.

ಡ್ಯಾಲಸ್‌ನಿಂದ:

ನಮಸ್ಕಾರ್ರೀ. ಕಾಗದಾ ಎಲ್ಲಾ ಮ್ಯಾಲಿನ ಅಕ್ಕಾರು ಹೇಳ್ಯಾರ, ನಾ ಬರೇ ಗಾಡಿ ಬಗ್ಗೆ ಹೇಳ್ತೇನಿ, ಯಾಕಂದ್ರ ನಮ್ಮನ್ಯಾಗ ಟ್ರೇಲರ್ ಹೊಡ್ಯಾಂವ ನಾನ.

ನೀವ್ ಸ್ವಂತ ಟ್ರೇಲರ್ ತಗೊಂಡ್ ಹೊಂಟಿದ್ರ ಮೊದ್ಲ ಟೈರ್ ನೋಡ್ರಿ. ಸವದಿಲ್ಲಂತ ಬಿಡಬ್ಯಾಡ್ರಿ, ಟ್ರೇಲರ್ ಟೈರ್ ನಿಂತಲ್ಲೇ ಹಳೇದಾಗ್ತಾವು, ತಯಾರಾದ ವಾರ ಮತ್ತ ವರ್ಷ ಟೈರ್ ಮ್ಯಾಲೇ ನಾಕ್ ಅಂಕಿಯೊಳಗ ಬರದಿರ್ತೈತಿ, 2319 ಅಂದ್ರ 2019ರ 23ನೇ ವಾರ. ಐದಾರು ವರ್ಷ ದಾಟಿದ್ರ ಬದ್ಲ ಮಾಡ್ರಿ. ಸ್ಪೇರ್ ಟೈರಿಗೂ ಅದ ಲೆಕ್ಕ.

ಕ್ಯಾರಿಯಿಂದ ಲೆಕ್ಸಿಂಗ್ಟನ್ ಕಾರಿನ್ಯಾಗ ಸುಮಾರು ಎಂಟ್ ತಾಸು, ಕುದ್ರಿ ಇದ್ರ ಹತ್ ತಾಸಂತ ಹಿಡೀರಿ. ಇಂಟರ್‌ಸ್ಟೇಟ್ 77ರ ಮ್ಯಾಲ ಹೋದ್ರ ವರ್ಜೀನಿಯಾದಾಗ ಫ್ಯಾನ್ಸಿ ಗ್ಯಾಪ್ ಘಾಟ್ ಬರ್ತೈತಿ, ಮಂಜು ಬಿದ್ರ ಮುಂದಿನ ಗಾಡಿ ಕಾಣಂಗಿಲ್ಲ, ಮುಂದ ವೆಸ್ಟ್ ವರ್ಜೀನಿಯಾ ಟರ್ನ್‌ಪೈಕ್‌ದಾಗೂ ಏರು ಇಳಿಜಾರ ಭಾಳ. ಇಳಿಯೂಮುಂದ ಲೋ ಗೇರ್ ಹಾಕ್ರಿ, ಬ್ರೇಕ್ ಮ್ಯಾಲ ಕಾಲಿಟ್ಕೊಂಡ ಇಳೀಬ್ಯಾಡ್ರಿ. ಅಲ್ಲಿ ಟೋಲ್ ಆಕ್ಸಲ್ ಎಣಿಸಿ ತಗೋತಾರ, ಕಾರಿನ ರೇಟ್ ಹಿಡಕೊಂಡ ಹೋಗಬ್ಯಾಡ್ರಿ.

ಮೂರ್ನಾಕ್ ತಾಸಿಗೊಮ್ಮೆ ನಿಂದ್ರಸ್ರಿ, ನೀರ್ ತೋರಸ್ರಿ. ಕೆಲವು ಕುದ್ರಿ ಬ್ಯಾರೆ ಊರಿನ ನೀರ್ ಮೂಸಿ ನೋಡಿ ಮಾರಿ ತಿರಗಸ್ತಾವು, ನಮ್ಮಜ್ಜಿ ಬೆಂಗಳೂರಿಗೆ ಹೋದ್ರ ಅಲ್ಲಿ ನೀರ್ ಕುಡೀತಿದ್ದಿಲ್ಲ, ಥೇಟ್ ಹಂಗ. ಅದಕ್ಕ ಮನೀ ನೀರು ಕ್ಯಾನಿನ್ಯಾಗ ಒಯ್ರಿ, ಇಲ್ಲಾ ಒಂದ್ ವಾರ ಮೊದ್ಲಿಂದ ಮನ್ಯಾಗನ ನೀರಿಗೆ ಸ್ವಲ್ಪ ಆ್ಯಪಲ್ ಜ್ಯೂಸ್ ಹಾಕಿ ರೂಢಿ ಮಾಡಸ್ರಿ, ಅಲ್ಲೂ ಅದನ್ನ ಹಾಕಿದ್ರ ರುಚಿ ಒಂದ ಇರ್ತೈತಿ. ತಲಿ ಭಾಳ ಬಿಗಿಯಾಗಿ ಮ್ಯಾಲ ಕಟ್ಟಬ್ಯಾಡ್ರಿ, ಇದನ್ನ ದಪ್ಪ ಅಕ್ಷರದಾಗ ಬರೀಬೇಕು. ಕುದ್ರಿ ತಲಿ ತಗ್ಗಿಸಿದ್ರನ ಮೂಗು ಗಂಟಲಾ ಸ್ವಚ್ಛ ಆಗೂದು, ತಾಸಗಟ್ಲೆ ಮ್ಯಾಲ ಕಟ್ಟಿದ್ರ ಹುಲ್ಲಿನ ಧೂಳ ಪುಪ್ಪುಸಕ್ಕ ಇಳದು ಶಿಪ್ಪಿಂಗ್ ಫೀವರ್ ಆಗ್ತೈತಿ, ಊರ್ ಮುಟ್ಟಿ ಒಂದೆರಡ್ ದಿನಕ್ಕ ಜ್ವರ ಬಂತಂದ್ರ ಶೋ ಮುಗದಂಗ. ಬ್ಯಾಸಗ್ಯಾಗ ಬೆಳಕ ಹರಿಯೂದ್ರಾಗ ಗಾಡಿ ಬಿಡ್ರಿ.

ಮತ್ತ ಒಂದ್ ಮಾತು, ಬಾರ್ನ್ ಟ್ರೇಲರ್‌ದಾಗ ಜಾಗಾ ಇದ್ರ ದುಡ್ ಕೊಟ್ಟ್ ಅದರಾಗ ಕಳಸ್ರಿ. ಕುದ್ರಿ ಜೋಡಿ ನೀವ್ ಹೋಗಬೇಕಂತೇನೂ ಇಲ್ಲ.

ಎಡಿಸನ್‌ನಿಂದ:

ನಾನು ಮುಂಜಿ ಪಾರ್ಟಿ ಕಡೆಯಿಂದ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾದಿನಿ ಮಗ ಅಂದ್ರೆ ನಿಮ್ಮ ಯಜಮಾನ್ರು ವಟುವಿನ ಸೋದರಮಾವ ಕಣ್ರೀ! ಸೋದರಮಾವ ಬರ್ದೇ ಮುಂಜಿ ಆಗತ್ತಾ? ಬೇರೆ ಯಾರ್ ತಪ್ಪಿಸ್ಕೊಂಡ್ರೂ ನಡಿಯತ್ತೆ, ಅವರು ಹಿಂದಿನ ದಿನದ ನಾಂದಿಗೇ ಅಲ್ಲಿರ್ಬೇಕು, ಅದ್ರಲ್ಲಿ ಚರ್ಚೆನೇ ಇಲ್ಲ. ನೀವು ಮತ್ತೆ ಮಗಳು ಏನ್ ಮಾಡ್ತೀರ ಅನ್ನೋದಷ್ಟೇ ಪ್ರಶ್ನೆ.

ಇಲ್ಲಿ ಹಾಲ್ ಸಿಗೋದು, ಜನ ಬರೋದು ಎಲ್ಲಾ ವೀಕೆಂಡೇ ಆದ್ದರಿಂದ ಮುಹೂರ್ತನೂ ಶನಿವಾರ ಭಾನುವಾರಕ್ಕೇ ಕೂರತ್ತೆ, ಪಂಚಾಂಗಕ್ಕೂ ಎಚ್1ಬಿ ಇದೆ ಅಂತ ನಮ್ಮಾವ ಹೇಳ್ತಿರ್ತಾರೆ. ಆ ಕಡೆ ಶೋಗಳಲ್ಲಿ ಸ್ಕೂಲ್ ಮಕ್ಕಳ ಕ್ಲಾಸ್‌ಗಳೂ (ಸ್ಪರ್ಧೆಗಳು) ಬಹಳ ಕಡೆ ವೀಕೆಂಡಲ್ಲೇ. ಹಾಗಾಗಿ ಈ ತಾಪತ್ರಯ ಈ ಸಲಕ್ಕೆ ಮುಗಿಯೋದಲ್ಲ, ಮುಂದೆ ಮದುವೆ, ಗೃಹಪ್ರವೇಶ, ಸೀಮಂತ ಎಲ್ಲದಕ್ಕೂ ಬರತ್ತೆ. ನಾನ್ ಕಂಡ್ಕೊಂಡ ದಾರಿ ಏನಂದ್ರೆ ಯುಎಸ್ಇಎಫ್ ವರ್ಷ ಡಿಸೆಂಬರ್ 1ಕ್ಕೇ ಶುರು ಆಗತ್ತಲ್ಲ, ಆ ಹೊತ್ತಿಗೇ ಎರಡೂ ಕಡೆ ನೆಂಟರಿಗೆ ಫೋನ್ ಮಾಡಿ ಈ ವರ್ಷ ಏನೇನಿದೆ ಅಂತ ಕೇಳಿ ಬರ್ಕೊಳ್ಳೋದು, ಯುಗಾದಿವರೆಗೂ ಕಾಯ್ತಾ ಕೂತ್ರೆ ಫ್ಲೋರಿಡಾ ಚಳಿಗಾಲದ ಶೋಗಳೇ ಮುಗಿತಾ ಬಂದಿರ್ತವೆ.

ಬರಕ್ಕಾಗಲ್ಲ ಅಂತಿದ್ರೆ ಅತ್ತೆಗೆ ನೀವಲ್ಲ, ನಿಮ್ಮ ಯಜಮಾನ್ರು ಹೇಳ್ಲಿ. ವಾಟ್ಸಾಪ್‌ನಲ್ಲಂತೂ ಬೇಡ.

ಸಿನ್ಸಿನಾಟಿಯಿಂದ:

ಮೇಲಿನವರಿಗೆ ಅರ್ಧ ಒಪ್ತೀನಿ ಅರ್ಧ ಒಪ್ಪಲ್ಲ. ಎಲ್ಲಾ ಶೋನೂ ಬದಲಾಯಿಸ್ಬಹುದು ಅಂತಿಲ್ಲ. ಈಗಿಂದು ಮಾಮೂಲಿ ವಾರದ ಶೋ, ಬಿಡಿ ಪರವಾಗಿಲ್ಲ. ಆದ್ರೆ ಪೋನಿ ಫೈನಲ್ಸ್ (ಪೋನಿ ಅಂದ್ರೆ ಗಿಡ್ಡ ಕುದುರೆ, ಅವುಗಳ ರಾಷ್ಟ್ರಮಟ್ಟದ ಸ್ಪರ್ಧೆ) ಥರದ್ದು, ಆಗಸ್ಟ್‌ನಲ್ಲಿ ಅದೇ ಲೆಕ್ಸಿಂಗ್ಟನ್‌ನಲ್ಲಿ ನಡಿಯೋದು, ವರ್ಷಕ್ಕೊಂದೇ ಸಲ, ಅದಕ್ಕೆ ಕ್ವಾಲಿಫೈ ಆಗಿದ್ರೆ ನಾನಂತೂ ಮಗಳ ಜೊತೆ ಹೋಗ್ತೀನಿ, ಯಾರ್ ಏನ್ ಬೇಕಾದ್ರೂ ಅಂದ್ಕೊಳ್ಳಿ. ಜೂನಿಯರ್ ವಯಸ್ಸು ಡಿಸೆಂಬರ್ 1ಕ್ಕೆ ಲೆಕ್ಕ ಹಾಕ್ತಾರೆ, 18 ಆದ್ಮೇಲೆ ಆ ಬಾಗಿಲು ಮುಚ್ಚತ್ತೆ. ಮಕ್ಕಳು ಚಳೀಲಿ ಐದು ಗಂಟೆಗೆ ಎದ್ದು ಸಗಣಿ ಬಾಚಿರೋದನ್ನ ನೆಂಟರು ನೋಡಿರಲ್ಲ.

ಇನ್ನೊಂದು, ಲೆಕ್ಸಿಂಗ್ಟನ್ ಏರ್‌ಪೋರ್ಟ್ ಚಿಕ್ಕದು, ನ್ಯೂಆರ್ಕ್‌ಗೆ ಹೋಗಿ ಬರೋ ಪ್ಲಾನ್ ಇದ್ರೆ ಸಿನ್ಸಿನಾಟಿ ಅಥವಾ ಲೂಯಿವಿಲ್ ನೋಡಿ, ಎರಡೂ ಒಂದೂವರೆ ಗಂಟೆಯೊಳಗೆ. ಆದ್ರೆ ಶನಿವಾರ ಬೆಳಿಗ್ಗೆ ಮುಂಜಿ ಮುಗಿಸಿ ಭಾನುವಾರ ಬೆಳಿಗ್ಗೆ ಕ್ಲಾಸ್‌ಗೆ ಮಗಳನ್ನ ಕುದುರೆ ಮೇಲೆ ಕೂರಿಸೋ ಸಾಹಸ ಮಾಡ್ಬೇಡಿ. ಫ್ಲೈಟ್ ಲೇಟ್ ಆದ್ರೆ ಅನ್ನೋದು ಒಂದು ಕಡೆ, ನಿದ್ದೆಗೆಟ್ಟ ಮಗು ಜಂಪ್ ಮಾಡೋದು ನನಗೆ ಸರಿ ಕಾಣಲ್ಲ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ರೈನರ್‌ಗೆ ಮೆಸೇಜ್ ಹಾಕ್ದೆ, ಮುಂದಿನ ವಾರಕ್ಕೂ ಸ್ಟಾಲ್ ಇದೆಯಂತೆ, ಬೇರೆ ಇಬ್ರು ಹುಡುಗೀರೂ ಆ ವಾರಾನೇ ಹೋಗೋದಂತೆ. ಹಾಗಾದ್ರೆ ನಾವೆಲ್ಲಾ ಮುಂಜಿ ಮುಗಿಸ್ಕೊಂಡು ಹೋಗ್ತೀವಿ, ಕುದುರೆ ಬಾರ್ನ್ ಟ್ರೇಲರ್‌ನಲ್ಲಿ. ಒಂದೇ ಡೌಟು, ಮುಂಜಿಗೆ ಮಗಳು ಮೆಹೆಂದಿ ಹಾಕ್ಕೋತೀನಿ ಅಂತಿದಾಳೆ, ಜಡ್ಜ್ ಏನಾದ್ರೂ ಅಂತಾರಾ? ಮತ್ತೆ ಎರಡನೇ ವಾರ ಹೋದ್ರೆ ಅಲ್ಲಿ ಮೊದಲ ವಾರದ ಕುದುರೆಗಳಿಂದ ಕಾಯಿಲೆ ಹತ್ತೋ ಭಯ ಇದೆಯಾ?

ಒಕಾಲಾ, ಫ್ಲೋರಿಡಾದಿಂದ:

ಮೆಹೆಂದಿ ಗ್ಲೌಸ್ ಒಳಗಿರತ್ತೆ, ಯಾರಿಗೂ ಕಾಣಲ್ಲ, ಹಾಕ್ಕೊಳ್ಳಲಿ ಪಾಪ. ಒದ್ದೆ ಮೆಹೆಂದಿ ಕೈಯಲ್ಲಿ ಬಿಳಿ ಬ್ರೀಚಸ್ (ರೈಡಿಂಗ್ ಪ್ಯಾಂಟ್) ಮುಟ್ದಿದ್ರೆ ಸಾಕು.

ಕಾಯಿಲೆ ವಿಷ್ಯ ಕೇಳಿದ್ದು ಒಳ್ಳೇದಾಯ್ತು. ಭಯ ಬೇಡ, ಎಚ್ಚರ ಇರ್ಲಿ. 2011ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ಒಂದು ಕಟಿಂಗ್ ಹಾರ್ಸ್ (ಹಿಂಡಿಂದ ದನ ಬೇರೆ ಮಾಡೋ ಕುದುರೆಗಳ) ಶೋ ಆದ್ಮೇಲೆ ಇಎಚ್‌ವಿ-1 ಹರ್ಪಿಸ್ ಹಲವು ಸ್ಟೇಟ್‌ಗಳಿಗೆ ಹೋಯ್ತು, ಶೋ ಮುಗಿಸಿ ಮನೆಗೆ ಹೋದ ಕುದುರೆಗಳೇ ತಗೊಂಡು ಹೋಗಿದ್ದು. ಮೇಲೆ ಹೇಳಿದ ಲಸಿಕೆ ಅದರ ನರರೋಗದ ರೂಪವನ್ನ ತಡೆಯತ್ತೆ ಅಂತ ಗ್ಯಾರಂಟಿ ಇಲ್ಲ. ಹಾಗಾಗಿ ಬಕೆಟ್, ಸ್ಪಂಜು, ಲೀಡ್ ರೋಪ್ (ಕುದುರೆ ನಡೆಸೋ ಹಗ್ಗ) ಯಾರ ಜೊತೆನೂ ಹಂಚ್ಕೋಬೇಡಿ, ಸ್ಟಾಲ್‌ಗಳ ಮುಂದೆ ಮೂಗು ಮೂಗು ತಾಗ್ಸೋಕೆ ಬಿಡ್ಬೇಡಿ, ಹೋಸ್ ಪೈಪ್ ತುದೀನ ಬಕೆಟ್ ನೀರಲ್ಲಿ ಮುಳುಗಿಸ್ಬೇಡಿ. ಶೋನಲ್ಲೂ ಮನೆಗೆ ಬಂದ್ಮೇಲೂ ದಿನಕ್ಕೆರಡು ಸಲ ಟೆಂಪರೇಚರ್ ನೋಡಿ ಬರ್ದಿಡಿ, 101.5 ಫ್ಯಾರನ್‌ಹೀಟ್ ದಾಟಿದ್ರೆ ವೆಟ್‌ಗೆ ಫೋನ್.

ಮುಂದೆ ಚಳಿಗಾಲಕ್ಕೆ ನಮ್ಮ ಕಡೆ ಬರೋದಾದ್ರೆ ನೆನಪಿಟ್ಕೊಳ್ಳಿ, ಫ್ಲೋರಿಡಾ ಗಡಿ ಹತ್ರ ಅಗ್ರಿಕಲ್ಚರ್ ಇನ್‌ಸ್ಪೆಕ್ಷನ್ ಸ್ಟೇಷನ್ ಇರತ್ತೆ, ಕುದುರೆ ಟ್ರೇಲರ್ ಅಲ್ಲಿ ನಿಲ್ಲಿಸ್ಲೇಬೇಕು. ಪಿಕಪ್ ಹಿಂದೆ ಒಂದೇ ಕುದುರೆ ಇರೋ ಪುಟ್ಟ ಟ್ರೇಲರ್ ಆದ್ರೂ ಸರಿ. ನಿಲ್ಲಿಸ್ದೆ ಮುಂದೆ ಹೋದ್ರೆ ಅಟ್ಟಿಸ್ಕೊಂಡು ಬರ್ತಾರೆ.

ಡೆನ್ವರ್‌ನಿಂದ:

ತಡವಾಗಿ ಬಂದೆ, ಪಶ್ಚಿಮದ ಕಡೆ ಬರೋರಿಗೆ ಒಂದು ಸೇರಿಸ್ತೀನಿ. ಕಾಗಿನ್ಸ್, ಹೆಲ್ತ್ ಸರ್ಟಿಫಿಕೇಟ್ ಅಲ್ದೆ ಇಲ್ಲಿ ಬ್ರ್ಯಾಂಡ್ ಇನ್‌ಸ್ಪೆಕ್ಷನ್ ಅಂತ ಇನ್ನೊಂದಿದೆ, ಕುದುರೆಗೆ ಮುದ್ರೆ ಹಾಕಿರ್ಲಿ ಬಿಡ್ಲಿ. ದನ ಕುದುರೆ ಕಳ್ಳತನ ತಡೆಯೋಕೆ ಮಾಡಿದ ಹಳೇ ಕಾನೂನು. ಕೊಲರಾಡೋದಿಂದ ಕುದುರೆ ಹೊರಗೆ ಹೋಗ್ಬೇಕಂದ್ರೆ, ಸ್ಟೇಟ್ ಒಳಗೇ 75 ಮೈಲಿಗಿಂತ ದೂರ ಹೋದ್ರೂ, ಇನ್‌ಸ್ಪೆಕ್ಟರ್ ಬಂದು ನೋಡಿ ಬರೆದು ಕೊಡ್ಬೇಕು. ಪದೇ ಪದೇ ಶೋಗೆ ಹೋಗೋರು ಪರ್ಮನೆಂಟ್ ಕಾರ್ಡ್ ಮಾಡ್ಸಿಟ್ಕೋತಾರೆ, ಆದ್ರೆ ಅದು ಓನರ್ ಹೆಸರಲ್ಲಿರತ್ತೆ, ಲೀಸ್ ಕುದುರೆ ಆದ್ರೆ ಓನರ್ ಕೊಟ್ಟ ಪತ್ರನೂ ಜೊತೆಗಿಟ್ಕೊಳ್ಳಿ.